ಇಳಿದು ಬರುವ ಪ್ರತಿ ಕಣಕ್ಕೂ ಒಂದು ಬೆಳಕು: ಸಂಶೋಧನಾ ಕಟ್ಟಡದ ಮೆಟ್ಟಿಲಲ್ಲಿ ವಿಶ್ವಕಿರಣದ ಕಲಾಕೃತಿ ಕಟ್ಟುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಒಂದು ಸಂಶೋಧನಾ ಕಟ್ಟಡ, ಐದು ಅಂತಸ್ತು. ಮೆಟ್ಟಿಲುಗಳು ಸುತ್ತು ಹಾಕಿಕೊಂಡು ಏರುತ್ತವೆ. ಅವುಗಳ ನಡುವೆ ಛಾವಣಿಯಿಂದ ನೆಲದವರೆಗೆ ಸುಮಾರು ಹದಿನೈದು ಮೀಟರ್ ಖಾಲಿ ಜಾಗ. ಆ ತೆರವಿನಲ್ಲಿ ಹಾಲುಬಣ್ಣದ ನಾಲ್ಕು ಕೊಳವೆಗಳನ್ನು ಇಳಿಬಿಟ್ಟಿದ್ದೇವೆ. ಆಕಾಶದಿಂದ ಬಂದ ಮ್ಯೂಯಾನ್ ಎಂಬ ಒಂದು ಸೂಕ್ಷ್ಮ ಕಣ ಮೇಲಿನ ಶೋಧಕವನ್ನು ಹಾದ ಕ್ಷಣದಲ್ಲೇ ಅದರ ಕೆಳಗಿನ ಕೊಳವೆಯಲ್ಲಿ ನೀಲಿ ಬೆಳಕಿನ ಒಂದು ಗೆರೆ ಹೊರಟು, ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟಿ ಆರುತ್ತದೆ. ಮತ್ತೆ ಕತ್ತಲೆ. ಮತ್ತೊಂದು ಕಣ ಬಂದರೆ ಮತ್ತೊಂದು ಗೆರೆ.

ಇದನ್ನು ಕಟ್ಟುವುದು ಹೇಗೆಂದು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಹೇಳುತ್ತೇನೆ. ನನ್ನ ಒಂದೇ ಹಟವನ್ನು ಮೊದಲೇ ತಿಳಿಸಿಬಿಡುತ್ತೇನೆ: ಇಲ್ಲಿ ಹೊಳೆಯುವ ಪ್ರತಿ ಗೆರೆಯ ಹಿಂದೆ ನಿಜವಾಗಿ ಬಂದ ಒಂದು ಕಣ ಇರಬೇಕು. ಕಂಪ್ಯೂಟರಿಗೆ ಯಾದೃಚ್ಛಿಕ ಸಂಖ್ಯೆ ಕೊಟ್ಟು ಇದೇ ದೃಶ್ಯವನ್ನು ಒಂದು ಮಧ್ಯಾಹ್ನದಲ್ಲಿ ಮಾಡಿಬಿಡಬಹುದು, ನೋಡುವವರಿಗೆ ವ್ಯತ್ಯಾಸವೂ ತಿಳಿಯದು. ಆದರೆ ದಿನವಿಡೀ ಅಳತೆಯ ಸತ್ಯಕ್ಕಾಗಿ ಒದ್ದಾಡುವ ಜನ ಓಡಾಡುವ ಮೆಟ್ಟಿಲಲ್ಲಿ ಅಂಥದ್ದನ್ನು ತೂಗುಹಾಕಲು ನನಗೆ ಮನಸ್ಸು ಬರುವುದಿಲ್ಲ. ಕೆಳಗಿನ ಹೆಜ್ಜೆಗಳಲ್ಲಿ ಅರ್ಧಕ್ಕರ್ಧ ಇರುವುದು ಈ ಒಂದು ಮಾತನ್ನು ಉಳಿಸಿಕೊಳ್ಳುವ ಕೆಲಸವೇ.

ಮೊದಲು ಲೆಕ್ಕ, ಆಮೇಲೆ ಸಾಮಾನು

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು, ಅಂದರೆ ಹೆಚ್ಚಾಗಿ ಪ್ರೋಟಾನುಗಳು, ವಾತಾವರಣದ ಮೇಲ್ಪದರದ ಗಾಳಿಗೆ ಡಿಕ್ಕಿ ಹೊಡೆಯುತ್ತವೆ. ಅಲ್ಲಿ, ಸುಮಾರು ಹದಿನೈದು ಕಿಲೋಮೀಟರ್ ಎತ್ತರದಲ್ಲಿ, ಹುಟ್ಟುವ ಮರಿಕಣಗಳಲ್ಲಿ ಮ್ಯೂಯಾನ್ ಒಂದು. ಎಲೆಕ್ಟ್ರಾನಿನ ಅಣ್ಣನಂತೆ, ಗುಣ ಬಹುಪಾಲು ಅದೇ, ತೂಕ ಮಾತ್ರ ಸುಮಾರು 207 ಪಟ್ಟು. ಆಸ್ಟ್ರಿಯದ ಭೌತವಿಜ್ಞಾನಿ ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೆ ಏರಿ ವಿಶ್ವಕಿರಣಗಳನ್ನು ಗುರುತಿಸಿದರು. ಮ್ಯೂಯಾನ್ ಪತ್ತೆಯಾಗಲು 1936 ಬರಬೇಕಾಯಿತು.

ನೆಲಮಟ್ಟದಲ್ಲಿ ಚಪ್ಪಟೆಯಾಗಿಟ್ಟ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್ ಬೀಳುತ್ತದೆ. ಈ ಒಂದು ಅಂಕಿಯಿಂದ ಇಡೀ ಕಲಾಕೃತಿಯ ತಾಳ ನಿರ್ಧಾರವಾಗುತ್ತದೆ. 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಶೋಧಕ ಫಲಕ ತೆಗೆದುಕೊಂಡರೆ ನಿಮಿಷಕ್ಕೆ ಇಪ್ಪತ್ತೈದು. ನಾವು ಎರಡು ಫಲಕಗಳನ್ನು ಒಂದರ ಮೇಲೊಂದು ಇಟ್ಟು, ಎರಡನ್ನೂ ದಾಟಿದ ಕಣವನ್ನು ಮಾತ್ರ ಎಣಿಸುವುದರಿಂದ ಓರೆಯಾಗಿ ಬಂದವು ಕೆಲವು ತಪ್ಪಿಹೋಗುತ್ತವೆ. ಉಳಿಯುವುದು ಜೋಡಿಗೆ ನಿಮಿಷಕ್ಕೆ ಹದಿನೈದು-ಹದಿನಾರು. ನಾಲ್ಕು ಜೋಡಿ ಸೇರಿದರೆ ಸೆಕೆಂಡಿಗೆ ಸರಾಸರಿ ಒಂದು ಗೆರೆ. ಇದು ಉಸಿರಾಟಕ್ಕೆ ಹತ್ತಿರದ ತಾಳ. ಫಲಕವನ್ನು 10 ಸೆಂ.ಮೀ. ಚೌಕ ಮಾಡಿ, ಕೊಳವೆಗಳನ್ನು ಒಂಬತ್ತು ಮಾಡಿದ್ದರೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಗೆರೆ ಬಿದ್ದು, ಮದುವೆ ಮಂಟಪದ ಸೀರಿಯಲ್ ದೀಪದ ಹಾಗೆ ಆಗುತ್ತಿತ್ತು. ಆದ್ದರಿಂದ ದೊಡ್ಡದು ಮಾಡುವ ಆಸೆಗೆ ಇಲ್ಲೇ ಕಡಿವಾಣ ಹಾಕಿ.

ಇನ್ನು ವೇಗ. ಮ್ಯೂಯಾನ್ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಬರುತ್ತದೆ. ನಮ್ಮ ಹದಿನೈದು ಮೀಟರನ್ನು ಅದು 50 ನ್ಯಾನೊಸೆಕೆಂಡಿನಲ್ಲಿ ದಾಟುತ್ತದೆ. ಅದನ್ನು ಕಣ್ಣು ಹಿಡಿಯಲಾರದು. ಹಾಗಾಗಿ ಕಾಲವನ್ನು ಹಿಗ್ಗಿಸಲೇಬೇಕು. ನಾವು ಸರಿಯಾಗಿ ಒಂದು ಕೋಟಿ ಪಟ್ಟು ಹಿಗ್ಗಿಸಿದೆವು: 50 ನ್ಯಾನೊಸೆಕೆಂಡು ಅರ್ಧ ಸೆಕೆಂಡಾಯಿತು.

ಈ ಅಂಕಿಯನ್ನು ಆರಿಸಿದ ಮೇಲೆ ಇನ್ನೊಂದು ಲೆಕ್ಕ ತಾನಾಗಿಯೇ ಎದ್ದುಬಂತು. ನಿಂತಲ್ಲೇ ನಿಂತ ಮ್ಯೂಯಾನಿನ ಸರಾಸರಿ ಆಯುಸ್ಸು 2.2 ಮೈಕ್ರೊಸೆಕೆಂಡು. ಒಂದು ಕೋಟಿಯಿಂದ ಗುಣಿಸಿದರೆ 22 ಸೆಕೆಂಡು. ಒಂದು ಅಂತಸ್ತಿನ ಮೆಟ್ಟಿಲು ಇಳಿಯುವಷ್ಟು ಹೊತ್ತು. ಆದರೆ ಅದು ಹುಟ್ಟಿದ ಎತ್ತರದಿಂದ ನಮ್ಮ ಛಾವಣಿಗೆ ಬರಲು ಬೇಕಾದ ಹೊತ್ತು 50 ಮೈಕ್ರೊಸೆಕೆಂಡು, ನಮ್ಮ ಮಾನದಲ್ಲಿ 500 ಸೆಕೆಂಡು, ಅಂದರೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಇಪ್ಪತ್ತೆರಡು ಸೆಕೆಂಡು ಬದುಕುವ ಕಣ ಎಂಟು ನಿಮಿಷದ ದಾರಿ ನಡೆದು ಬಂದಿದೆ! ವೇಗವಾಗಿ ಓಡುವ ಕಣದ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನವಾಗುವುದರಿಂದ ಇದು ಸಾಧ್ಯವಾಗುತ್ತದೆ. ಇಂಥ ಕಣಗಳ ಆಯುಸ್ಸನ್ನು ಅಳೆದರೆ ಐನ್‌ಸ್ಟೈನರ ಸಾಪೇಕ್ಷತೆಯನ್ನು ನೇರವಾಗಿ ಪರೀಕ್ಷಿಸಬಹುದೆಂದು 1938ರಲ್ಲೇ ಬರೆದವರು ಹೋಮಿ ಭಾಭಾ. ಮರುವರ್ಷ ರಜೆಗೆ ಬಂದವರು ಯುದ್ಧದ ಕಾರಣ ಇಲ್ಲೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಯ ಘಟಕ ಕಟ್ಟಿದರು. ನಮ್ಮ ಮೆಟ್ಟಿಲಿಗೂ ಆ ಚರಿತ್ರೆಗೂ ನಡುವೆ ಕೆಲವೇ ಕಿಲೋಮೀಟರುಗಳ ಅಂತರ. ಇದನ್ನು ಲೆಕ್ಕ ಹಾಕಿದ ದಿನವೇ ಕೃತಿ ಏನು ಹೇಳಬೇಕೆಂಬುದು ನನಗೆ ಸ್ಪಷ್ಟವಾಯಿತು. ನಿಮ್ಮ ಕಟ್ಟಡದ ಎತ್ತರ ಬೇರೆ ಇರಬಹುದು, ಆಗಲೂ ಹಿಗ್ಗಿಸುವ ಪ್ರಮಾಣವನ್ನು ನೆನಪಿನಲ್ಲಿ ಉಳಿಯುವ ಒಂದು ಅಂಕಿಯಾಗಿಯೇ ಇಡಿ.

ಜಾಗ ನೋಡುವುದು

ಹಗಲು ಒಮ್ಮೆ, ಸಂಜೆ ಐದಕ್ಕೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ ನೋಡಿ. ಬಿಸಿಲು ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಬೀಳುತ್ತದೆಂದು ಬರೆದುಕೊಳ್ಳಿ. ಮೆಟ್ಟಿಲು ಮೊದಲು ಮೆಟ್ಟಿಲು, ಆಮೇಲೆ ನಮ್ಮ ಗ್ಯಾಲರಿ. ಬೆಂಕಿ ಬಿದ್ದಾಗ ಜನ ಓಡಿ ಇಳಿಯುವ ದಾರಿ ಅದು. ಆದ್ದರಿಂದ ಅಲ್ಲಿನ ದೀಪಗಳನ್ನು ಆರಿಸಬೇಡಿ, ಬಲ್ಬು ಕೀಳಬೇಡಿ. ಮೇಲೆ ಉರಿಯುವ ದೀಪಗಳ ಬದಲು ಮೆಟ್ಟಿಲಿನ ಅಂಚಿಗಷ್ಟೇ ಬೆಳಕು ಬೀಳುವಂಥ ತಗ್ಗಿನ ದೀಪಗಳನ್ನು ಹಾಕಿಸಿಕೊಡುವಂತೆ ಕಟ್ಟಡದ ಎಂಜಿನಿಯರರನ್ನು ಕೇಳಿ. ಕಾಲಿಗೆ ಬೆಳಕು, ಕಣ್ಣಿಗೆ ಕತ್ತಲೆ ಎರಡೂ ಸಿಗುತ್ತವೆ. ಹೊಗೆ ಪತ್ತೆ ಯಂತ್ರ, ನೀರು ಚಿಮ್ಮುವ ನಳಿಕೆ, ಹೊರದಾರಿಯ ಹಸಿರು ಫಲಕ, ಇವುಗಳಲ್ಲಿ ಯಾವುದಕ್ಕೂ ಕೊಳವೆ ಅಡ್ಡ ಬರಬಾರದು.

ಅಕ್ಕಪಕ್ಕದ ಪ್ರಯೋಗಾಲಯಗಳ ಬಾಗಿಲು ತಟ್ಟುವುದನ್ನು ಮರೆಯಬೇಡಿ. ಕತ್ತಲೆಕೋಣೆಯಲ್ಲಿ ಒಂದೊಂದು ಫೋಟಾನ್, ಅಂದರೆ ಬೆಳಕಿನ ಕಣ, ಎಣಿಸುವವರು ಇರಬಹುದು. ನಿಮ್ಮ ದೀಪದ ಬೆಳಕೋ ತಂತಿಯ ಗದ್ದಲವೋ ಅವರ ವರ್ಷದ ದುಡಿಮೆಗೆ ತೊಂದರೆ ಕೊಡಬಾರದು. ಇನ್ನೊಂದು ಲಾಭವೂ ಇದೆ. ಭೌತಶಾಸ್ತ್ರದ ಯಾವುದಾದರೂ ಬೀರುವಿನಲ್ಲಿ ಹಳೆಯ ಪ್ರಯೋಗದ ಸಿಂಟಿಲೇಟರ್ ತುಂಡುಗಳು (ಶೋಧಕಕ್ಕೆ ಬೇಕಾದ ಪ್ಲಾಸ್ಟಿಕ್) ಬಿದ್ದಿರುತ್ತವೆ. ಕೇಳಿದರೆ ಕೊಡುತ್ತಾರೆ.

ಶೋಧಕ: ಇಡೀ ಕೆಲಸದ ಹೃದಯ

ಇಲ್ಲಿ ಆತುರ ಬೇಡ. ನಮಗೆ ಮೂರು ವಾರ ಹಿಡಿಯಿತು.

ಸಿಂಟಿಲೇಟರ್ ಎಂದರೆ ಕಣ ಹಾದಾಗ ಮಿನುಗುವ ಪಾರದರ್ಶಕ ಪ್ಲಾಸ್ಟಿಕ್. ಕೈಯಲ್ಲಿ ಹಿಡಿದರೆ ಸಾಧಾರಣ ಅಕ್ರಿಲಿಕ್ ತುಂಡಿನಂತೆ, ಅಂಚಿನಲ್ಲಿ ಮಾತ್ರ ತೆಳು ನೇರಳೆ ಛಾಯೆ. ಒಂದು ಸೆಂಟಿಮೀಟರ್ ದಪ್ಪದ ತುಂಡನ್ನು ಮ್ಯೂಯಾನ್ ದಾಟುವಾಗ ಸುಮಾರು 2 ದಶಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯನ್ನು ಬಿಟ್ಟುಹೋಗುತ್ತದೆ. ಅದರಿಂದ ಸುಮಾರು ಇಪ್ಪತ್ತು ಸಾವಿರ ಫೋಟಾನುಗಳು ಹುಟ್ಟುತ್ತವೆ. ಕೇಳಲು ಬಹಳ ಎನಿಸಿದರೂ ಕಣ್ಣಿಗೆ ಏನೂ ಕಾಣದು. ಅದನ್ನು ಹಿಡಿಯಲು ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಎಂಬ ಬೆರಳುಗುರಿನಷ್ಟು ಚಿಪ್ ಬೇಕು, 6 ಮಿ.ಮೀ. ಚೌಕದ್ದು ಸಾಕು. ಅದಕ್ಕೆ ಮೂವತ್ತು ವೋಲ್ಟಿನ ಆಸುಪಾಸು ಕೊಡಬೇಕಾಗುತ್ತದೆ. ನಿಖರ ಅಂಕಿಯನ್ನು ನಿಮ್ಮ ಚಿಪ್ಪಿನ ಮಾಹಿತಿಪತ್ರದಲ್ಲಿ ನೋಡಿ. ಸರ್ಕೀಟನ್ನು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪೋಲೆಂಡಿನ ಸಂಶೋಧಕರೊಡನೆ ವಿದ್ಯಾರ್ಥಿಗಳಿಗೆಂದು ರೂಪಿಸಿದ ಕಾಸ್ಮಿಕ್‌ವಾಚ್ ಎಂಬ ಮೇಜಿನ ಮೇಲಿನ ಶೋಧಕದ ನಕ್ಷೆ ಎಲ್ಲರಿಗೂ ಮುಕ್ತವಾಗಿದೆ. ನಾವು ಅದನ್ನೇ ಆಧರಿಸಿ ಎಂಟು ಶೋಧಕ ಮಾಡಿದೆವು. ಚಿಪ್ಪು ಮತ್ತು ಸಿಂಟಿಲೇಟರ್ ಬಿಟ್ಟರೆ ಉಳಿದ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಕ್ಕಿತು.

ಜೋಡಿಸುವ ಕ್ರಮ ಹೀಗೆ. ಸಿಂಟಿಲೇಟರ್ ಮುಟ್ಟುವ ಮುನ್ನ ಕೈಗವಸು ಹಾಕಿಕೊಳ್ಳಿ. ಬೆರಳಿನ ಜಿಡ್ಡು ಮೇಲ್ಮೈಯನ್ನು ಮಸಕು ಮಾಡುತ್ತದೆ. ಚಿಪ್ ಕೂರುವ ಜಾಗಕ್ಕೆ ಪಾರದರ್ಶಕ ಆಪ್ಟಿಕಲ್ ಜೆಲ್ ಒಂದು ಹನಿ. ಗಾಳಿಗುಳ್ಳೆ ಉಳಿಯದಂತೆ ಚಿಪ್ಪನ್ನು ಒತ್ತಿ ಕೂರಿಸಿ. ಮಿಕ್ಕ ಮೈಗೆಲ್ಲ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಸುಕ್ಕಿಲ್ಲದಂತೆ ಸುತ್ತಿ. ಅದರ ಮೇಲೆ ಕಪ್ಪು ವಿದ್ಯುತ್ ಟೇಪು, ಕನಿಷ್ಠ ಎರಡು ಪದರ, ಮೂಲೆಗಳಲ್ಲಿ ಮೂರು. ಟೇಪನ್ನು ಎಳೆದು ಸುತ್ತಬೇಡಿ. ಎಳೆದ ಟೇಪು ತಿಂಗಳೊಳಗೆ ಹಿಂದೆ ಸರಿಯುತ್ತದೆ, ಸರಿದ ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಆ ಬಿರುಕಿನ ಕತೆ ನನಗೆ ಚೆನ್ನಾಗಿ ಗೊತ್ತು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದ ಮೂರನೆಯ ವಾರದಲ್ಲಿ, ಸಂಜೆ ಐದೂಕಾಲರ ಹೊತ್ತಿಗೆ, ಎರಡನೆಯ ಕೊಳವೆ ಮಾತ್ರ ಬಿಡುವಿಲ್ಲದೆ ಹೊಳೆಯತೊಡಗಿತು. ಗೆರೆಯ ಬೆನ್ನಿಗೆ ಗೆರೆ. ಕೆಳಗೆ ನಿಂತವರು ಚೆನ್ನಾಗಿದೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ನಾನು ಮೇಲೆ ಓಡಿದೆ. ಪಶ್ಚಿಮದ ಕಿಟಕಿಯಿಂದ ಬಂದ ಒಂದು ಬೆರಳಗಲದ ಬಿಸಿಲುಕೋಲು ಸರಿಯಾಗಿ ಶೋಧಕದ ಮೂಲೆಯ ಮೇಲೆ ಕೂತಿತ್ತು. ಟೇಪು ಅಲ್ಲಿ ಅರ್ಧ ಮಿಲಿಮೀಟರಿನಷ್ಟು ಸರಿದಿತ್ತು. ಅಂಗೈ ಅಡ್ಡ ಹಿಡಿದೆ, ಗದ್ದಲ ನಿಂತಿತು. ಕೈ ತೆಗೆದೆ, ಮತ್ತೆ ಶುರು. ಅಂದೇ ಕೃತಿಯನ್ನು ಆರಿಸಿ, ಎಂಟೂ ಶೋಧಕಗಳನ್ನು ಬಿಚ್ಚಿ ಹೊಸದಾಗಿ ಸುತ್ತಿದೆವು. ಜೋಡಿಯ ಎರಡೂ ಫಲಕಗಳನ್ನು ಒಂದೇ ಕೈ, ಒಂದೇ ದಿನ, ಒಂದೇ ರೀತಿ ಸುತ್ತಿದ್ದರಿಂದ ಎರಡೂ ಒಂದೇ ಮೂಲೆಯಲ್ಲಿ ಸೋರಿದ್ದವು. ಈಗ ಪ್ರತಿ ಜೋಡಿಯನ್ನು ತಗಡಿನ ಕಪ್ಪು ಡಬ್ಬಿಯೊಳಗೆ ಇಡುತ್ತೇವೆ.

ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಕತ್ತಲೆಯ ಕೋಣೆಯಲ್ಲಿ ಹತ್ತು ನಿಮಿಷ ಎಣಿಸಿ ಬರೆದುಕೊಳ್ಳಿ. ಆಮೇಲೆ ಪ್ರಖರವಾದ ಟಾರ್ಚನ್ನು ಪ್ರತಿ ಅಂಚಿಗೂ ಹಿಡಿದು ಎಣಿಸಿ. ಎಣಿಕೆ ಏರಿದ ಕಡೆ ಸೋರಿಕೆ ಇದೆ. ಒಂಟಿ ಫಲಕದ ಎಣಿಕೆ ನೀವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಇರುತ್ತದೆ, ಗಾಬರಿ ಬೇಡ. ನಮ್ಮ ಕಟ್ಟಡಗಳ ಗ್ರಾನೈಟ್, ಇಟ್ಟಿಗೆ, ಕಾಂಕ್ರೀಟುಗಳಲ್ಲಿ ಸಹಜವಾಗಿಯೇ ಇರುವ ಅಲ್ಪ ವಿಕಿರಣವನ್ನೂ ಅದು ಎಣಿಸುತ್ತಿದೆ. ಆ ಗಾಮಾ ಕಿರಣ ಒಂದು ಫಲಕದಲ್ಲಿ ಸದ್ದು ಮಾಡಿ ಅಲ್ಲೇ ಮುಗಿಯುತ್ತದೆ, ಮ್ಯೂಯಾನ್ ಎರಡನ್ನೂ ದಾಟಿಕೊಂಡು ಹೋಗುತ್ತದೆ. ಎರಡೂ ಫಲಕ ಒಟ್ಟಿಗೆ ಮಿಡಿದಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇದಕ್ಕಾಗಿಯೇ.

ಕೊನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದದ್ದು. ಜೋಡಿಯನ್ನು ಹಾಗೆಯೇ ಎತ್ತಿ, ಪುಸ್ತಕವನ್ನು ಕಪಾಟಿನಲ್ಲಿ ನಿಲ್ಲಿಸಿದ ಹಾಗೆ ಮಗ್ಗುಲಾಗಿಸಿ, ಅರ್ಧ ಗಂಟೆ ಎಣಿಸಿ. ಮ್ಯೂಯಾನುಗಳು ಹೆಚ್ಚಾಗಿ ನೆತ್ತಿಯ ಮೇಲಿನಿಂದ ಬರುತ್ತವೆ, ದಿಗಂತದ ಕಡೆಯಿಂದ ಬರುವವು ತೀರ ಕಡಿಮೆ. ಆದ್ದರಿಂದ ಎಣಿಕೆ ಸ್ಪಷ್ಟವಾಗಿ ಬೀಳಬೇಕು. ಬೀಳದಿದ್ದರೆ ನೀವು ಎಣಿಸುತ್ತಿರುವುದು ಆಕಾಶವನ್ನಲ್ಲ, ನಿಮ್ಮದೇ ತಂತಿಗಳ ಗದ್ದಲವನ್ನು.

ಬೆಳಕಿನ ಕೊಳವೆ

50 ಮಿ.ಮೀ. ವ್ಯಾಸದ, ಹಾಲುಬಣ್ಣದ ಪಾಲಿಕಾರ್ಬೊನೇಟ್ ಕೊಳವೆ ತೆಗೆದುಕೊಳ್ಳಿ. ಅಕ್ರಿಲಿಕ್ ಅಗ್ಗ, ಆದರೆ ಬೇಗ ಬಿರಿಯುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ಒಳಗೆ 12 ವೋಲ್ಟಿನ, ಒಂದೊಂದು ದೀಪವನ್ನೂ ಬೇರೆಬೇರೆಯಾಗಿ ನಡೆಸಬಹುದಾದ ಎಲ್‌ಇಡಿ ಪಟ್ಟಿ. ನಾವು ಡಬ್ಲ್ಯುಎಸ್2815 ಎಂಬ ಬಗೆಯನ್ನು ಹಾಕಿದೆವು. ಇದರಲ್ಲಿ ಸಂಕೇತಕ್ಕೆ ಹೆಚ್ಚುವರಿ ಒಂದು ತಂತಿ ಇರುವುದರಿಂದ ನಡುವಿನ ಒಂದು ದೀಪ ಸತ್ತರೂ ಅದರ ಕೆಳಗಿನವು ಕೆಲಸ ಮಾಡುತ್ತವೆ. ಹದಿನೈದು ಮೀಟರ್ ಎತ್ತರದಲ್ಲಿ ತೂಗುವ ವಸ್ತುವಿಗೆ ಇದು ಸಣ್ಣ ವಿಷಯವಲ್ಲ.

ಮೀಟರಿಗೆ 60 ದೀಪದ ಪಟ್ಟಿ ಬೇಡ, 30 ಸಾಕು. ಕಾರಣ ಇಷ್ಟೇ: ಒಂದೊಂದು ದೀಪಕ್ಕೂ ಸಂಕೇತ ಮುಟ್ಟಿಸಲು 30 ಮೈಕ್ರೊಸೆಕೆಂಡು ಬೇಕು. 900 ದೀಪವಾದರೆ ಒಂದು ಚಿತ್ರ ಬದಲಾಗಲು 27 ಮಿಲಿಸೆಕೆಂಡು, ಅರ್ಧ ಸೆಕೆಂಡಿನ ಓಟಕ್ಕೆ ಹದಿನೆಂಟೇ ಚಿತ್ರ, ಗೆರೆ ತಡವರಿಸುತ್ತದೆ. 450 ದೀಪವಾದರೆ ಮೂವತ್ತೇಳು ಚಿತ್ರ ಸಿಗುತ್ತವೆ, ಓಟ ನುಣುಪಾಗುತ್ತದೆ.

ಬಣ್ಣದ ಬಗ್ಗೆ ಸಭೆ ಸೇರಿಸಿದರೆ ಮುಗಿಯುವುದಿಲ್ಲ. ನನ್ನ ಸಲಹೆ ಸರಳ: ಸಿಂಟಿಲೇಟರ್ ತನ್ನೊಳಗೆ ಸೂಸುವ ಬೆಳಕಿನ ಬಣ್ಣವನ್ನೇ ತೆಗೆದುಕೊಳ್ಳಿ. ಅದು 425 ನ್ಯಾನೊಮೀಟರಿನ ಆಸುಪಾಸಿನ ನೇರಳೆ ಬೆರೆತ ನೀಲಿ. ಎಲ್‌ಇಡಿಯಲ್ಲಿ ಅಷ್ಟು ಆಳದ ಬಣ್ಣ ಬರುವುದಿಲ್ಲ, ನೀಲಿಗೆ ಕೆಂಪಿನ ಒಂದು ಚೂರು ಬೆರೆಸಿ ಹತ್ತಿರ ತಂದುಕೊಳ್ಳಬಹುದು. ಕಪ್ಪು ಡಬ್ಬಿಯೊಳಗೆ ಯಾರ ಕಣ್ಣಿಗೂ ಬೀಳದೆ ಮಿನುಗಿ ಆರುವ ಬಣ್ಣವೇ ಮೆಟ್ಟಿಲ ತುಂಬ ಇಳಿಯಲಿ.

ವಿದ್ಯುತ್ತು

450 ದೀಪ, ಒಂದೊಂದಕ್ಕೆ ಹೆಚ್ಚೆಂದರೆ 15 ಮಿಲಿಆಂಪಿಯರ್: ಕೊಳವೆಗೆ 6.75 ಆಂಪಿಯರ್, ಸುಮಾರು 81 ವಾಟ್. ವಾಸ್ತವದಲ್ಲಿ ಒಂದು ಹೊತ್ತಿಗೆ ಉರಿಯುವುದು ಇವುಗಳಲ್ಲಿ ಕೆಲವೇ ದೀಪ. ಆದರೂ ಪ್ರೋಗ್ರಾಮು ಕೆಟ್ಟು ಎಲ್ಲವೂ ಒಟ್ಟಿಗೆ ಹೊತ್ತಿಕೊಂಡ ದಿನಕ್ಕೆ ತಂತಿ, ಫ್ಯೂಸು, 230 ವೋಲ್ಟನ್ನು 12ಕ್ಕೆ ಇಳಿಸಿಕೊಡುವ ಎಸ್‌ಎಂಪಿಎಸ್ ಸಿದ್ಧವಿರಬೇಕು. ಕೊಳವೆಗೊಂದರಂತೆ ನಾಲ್ಕು ಎಸ್‌ಎಂಪಿಎಸ್ ಇಡಿ, ಪ್ರತಿಯೊಂದಕ್ಕೂ 10 ಆಂಪಿಯರ್ ಫ್ಯೂಸು. ಪಟ್ಟಿಗೆ ಮೇಲಿನ ತುದಿಯಿಂದ ಮಾತ್ರ ವಿದ್ಯುತ್ ಕೊಟ್ಟರೆ ಕೆಳಗೆ ಬರುವಷ್ಟರಲ್ಲಿ ವೋಲ್ಟೇಜು ಸೊರಗುತ್ತದೆ. ಐದೈದು ಮೀಟರಿಗೆ ಒಮ್ಮೆ ದಪ್ಪ ತಂತಿಯಿಂದ ಮತ್ತೆ ಸೇರಿಸಿ. 230 ವೋಲ್ಟಿನ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಮಾಡಲಿ. ಅರ್ಥಿಂಗ್ ಮತ್ತು ಸೋರಿಕೆ ಕಂಡೊಡನೆ ಬೀಳುವ ಇಎಲ್‌ಸಿಬಿ ಇಲ್ಲದೆ ಸ್ವಿಚ್ ಒತ್ತಬೇಡಿ.

ಶೋಧಕಗಳಿಗೆ ಬೇರೆಯದೇ ಶಾಂತವಾದ ವಿದ್ಯುತ್ ಮೂಲ ಬೇಕು. ಎಸ್‌ಎಂಪಿಎಸ್ಸಿನ ಗಿಜಿಗಿಜಿ ಶೋಧಕದ ತಂತಿಯೊಳಗೆ ನುಸುಳಿದರೆ ದೀಪ ಹೊತ್ತಿದ್ದೇ ಹೊಸ ಕಣವೆಂದು ಲೆಕ್ಕವಾಗಿ, ಅದರಿಂದ ಮತ್ತೊಂದು ದೀಪ ಹೊತ್ತಿ, ಕೃತಿ ತನ್ನ ಪ್ರತಿಧ್ವನಿಗೇ ಕುಣಿಯುತ್ತದೆ. ಇದನ್ನು ಹಿಡಿಯಲು ಸಿಂಟಿಲೇಟರ್ ಇಲ್ಲದ ಒಂದು ಬರಿ ಸರ್ಕೀಟನ್ನು ಪಕ್ಕದಲ್ಲಿ ಇಟ್ಟು, ಕೊಳವೆಗಳನ್ನೆಲ್ಲ ಜೋರಾಗಿ ಹೊಳೆಸಿ ನೋಡಿ. ಅದು ಒಂದನ್ನೂ ಎಣಿಸಬಾರದು. ನಮ್ಮದು ಮೊದಲ ದಿನ ಎಣಿಸಿತು. ಶೋಧಕದ ತಂತಿಗೆ ಜಾಲರಿ ಹೊದಿಕೆ ಇರುವ ಕೇಬಲ್ ಹಾಕಿ, ದೀಪದ ತಂತಿಯಿಂದ ಒಂದಡಿ ದೂರ ಸರಿಸಿದ ಮೇಲೆ ಸುಮ್ಮನಾಯಿತು.

ನಡೆಸುವ ಪ್ರೋಗ್ರಾಮು

ಇಎಸ್‌ಪಿ32ರಂಥ ಒಂದು ಸಣ್ಣ ನಿಯಂತ್ರಕ ನಾಲ್ಕು ಕೊಳವೆಗೂ ಸಾಕು. ಅದರ ಸಂಕೇತ 3.3 ವೋಲ್ಟಿನದು, ಪಟ್ಟಿಗೆ 5 ವೋಲ್ಟು ಬೇಕು. ನಡುವೆ ವೋಲ್ಟೇಜು ಏರಿಸುವ 74ಎಎಚ್‌ಸಿಟಿ125 ಚಿಪ್ ಹಾಕಿ, ಸಂಕೇತದ ತಂತಿಯಲ್ಲಿ 330 ಓಮ್ ರೆಸಿಸ್ಟರ್ ಸೇರಿಸಿ. ನಿಯಂತ್ರಕವನ್ನು ಕೊಳವೆಯ ನೆತ್ತಿಗೆ ಒಂದು ಮೀಟರಿನೊಳಗೆ ಇಡಿ.

ಪ್ರೋಗ್ರಾಮಿನಲ್ಲಿ ಪಾಲಿಸಬೇಕಾದವು ಕೆಲವು. ಕಣ ಬಂದೊಡನೆ ಗೆರೆ ಹೊರಡಬೇಕು. ಚೆಂದಕ್ಕಾಗಿ ತಡಮಾಡುವುದಾಗಲಿ, ಹತ್ತಿರಹತ್ತಿರ ಬಂದ ಎರಡನ್ನು ದೂರದೂರ ಇಡುವುದಾಗಲಿ ಬೇಡ. ಮ್ಯೂಯಾನುಗಳು ಒಂದನ್ನೊಂದು ಕೇಳಿ ಬರುವುದಿಲ್ಲ. ಒಮ್ಮೆ ಮೂರು ಒಟ್ಟಿಗೆ, ಆಮೇಲೆ ಐದು ಸೆಕೆಂಡು ಏನೂ ಇಲ್ಲ. ಈ ಏರುಪೇರನ್ನು ಸರಿಪಡಿಸಿದರೆ ಉಳಿಯುವುದು ಗಡಿಯಾರದ ಟಿಕ್‌ಟಿಕ್ ಮಾತ್ರ. ನೋಡುವವರು ಮೊದಲು ಚಡಪಡಿಸುತ್ತಾರೆ, ನಿಮಿಷದಲ್ಲಿ ಹೊಂದಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಇದಕ್ಕಿಂತ ಮೇಲಿನದು. ಸರಾಸರಿ ಸೆಕೆಂಡಿಗೆ ಒಂದಾದರೂ, ಒಂದು ಸೆಕೆಂಡಿನಲ್ಲಿ ನಾಲ್ಕೋ ಅದಕ್ಕಿಂತ ಹೆಚ್ಚೋ ಬರುವುದು ನಿಮಿಷಕ್ಕೆ ಒಂದು ಸಲವಾದರೂ ಆಗುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಫಕ್ಕನೆ ಹೊಳೆಯುವ ಬೆಳಕು ಅಪಸ್ಮಾರ ಇರುವ ಕೆಲವರಿಗೆ ಅಪಾಯ. ಕಣವನ್ನು ಬಿಡುವಂತಿಲ್ಲ, ಜನರಿಗೆ ತೊಂದರೆ ಕೊಡುವಂತೆಯೂ ಇಲ್ಲ. ಹಾಗಾಗಿ ಬೆಳಕನ್ನೇ ಮೃದು ಮಾಡಿ: ಗರಿಷ್ಠ ಪ್ರಕಾಶ ಮೂವತ್ತು ಪ್ರತಿಶತ ಮೀರದಿರಲಿ, ಗೆರೆಯ ತಲೆ ಹಠಾತ್ತನೆ ಹೊತ್ತಿಕೊಳ್ಳದೆ ಮೂರು-ನಾಲ್ಕು ಚಿತ್ರಗಳಲ್ಲಿ ಬೆಳಗಲಿ, ಅದರ ಬಾಲ ನಿಧಾನವಾಗಿ ಆರಲಿ. ಮೆಟ್ಟಿಲ ಬುಡದಲ್ಲೇ ಎಚ್ಚರಿಕೆಯ ಫಲಕವೂ ಇರಲಿ.

ಇನ್ನೊಂದು, ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಎರಡು ಕೊಳವೆಗಳ ಶೋಧಕಗಳು ಒಂದು ಮೈಕ್ರೊಸೆಕೆಂಡಿನೊಳಗೆ ಒಟ್ಟಿಗೆ ಮಿಡಿದರೆ ಅವು ಅಪರಿಚಿತರಲ್ಲ, ಒಡಹುಟ್ಟಿದವು. ಮೇಲೆಲ್ಲೋ ಬಿದ್ದ ಒಂದೇ ಮೂಲಕಣದಿಂದ ಸಿಡಿದ ಸುರಿಮಳೆಯ ಎರಡು ಹನಿಗಳು. ದೂರದೂರ ಇಟ್ಟ ಶೋಧಕಗಳು ಹೀಗೆ ಒಟ್ಟಿಗೆ ಮಿಡಿಯುವುದನ್ನು ಕಂಡೇ 1930ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಓಜೆ ಈ ಸುರಿಮಳೆಯನ್ನು ತೋರಿಸಿಕೊಟ್ಟದ್ದು. ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ ಎಷ್ಟು? ಜೋಡಿಯೊಂದು ಸೆಕೆಂಡಿಗೆ 0.27 ಬಾರಿ ಮಿಡಿಯುತ್ತದೆ. ನಾಲ್ಕು ಕೊಳವೆಗಳಲ್ಲಿ ಎರಡೆರಡನ್ನು ಸೇರಿಸುವ ಬಗೆ ಆರು. ಗುಣಿಸಿ ನೋಡಿದರೆ ಹದಿಮೂರು ದಿನಕ್ಕೊಮ್ಮೆ ಮಾತ್ರ ಸುಳ್ಳು ಜೊತೆ ಸಿಗುತ್ತದೆ. ಅದಕ್ಕಿಂತ ಹೆಚ್ಚಾಗಿ ಬಂದದ್ದೆಲ್ಲ ನಿಜವಾದ ಒಡಹುಟ್ಟುಗಳು. ಆಗ ಮಾತ್ರ ಆ ಎರಡು ಕೊಳವೆಗಳಲ್ಲಿ ನೀಲಿಯ ಬದಲು ಹಣತೆಯ ಬಣ್ಣ ಇಳಿಯುವಂತೆ ಮಾಡಿದ್ದೇವೆ. ಅದನ್ನು ಕಾಣಲೆಂದೇ ಚಹಾ ಲೋಟ ಹಿಡಿದು ಮೆಟ್ಟಿಲಲ್ಲಿ ಕೂರುವ ಸಂಶೋಧಕರಿದ್ದಾರೆ.

ಶೋಧಕ ಕೆಟ್ಟರೆ? ಆ ಕೊಳವೆ ಕತ್ತಲಾಗಿರಲಿ. ಕೆಟ್ಟಾಗ ತೋರಿಸಲೆಂದು ರೆಕಾರ್ಡ್ ಮಾಡಿದ ಓಟವನ್ನು ಪ್ರೋಗ್ರಾಮಿನಲ್ಲಿ ಅಡಗಿಸಿ ಇಡಬೇಡಿ. ಉದ್ಘಾಟನೆಯ ದಿನಕ್ಕಾದರೂ ಇರಲಿ ಎಂದು ಯಾರಾದರೂ ಖಂಡಿತ ಒತ್ತಾಯಿಸುತ್ತಾರೆ. ಒಪ್ಪಬೇಡಿ.

ತೂಗುಹಾಕುವುದು

ಕೊಳವೆ, ಪಟ್ಟಿ, ತಂತಿ ಎಲ್ಲ ಸೇರಿ ಒಂದೊಂದು ಏಳೆಂಟು ಕಿಲೋ ಆಗುತ್ತದೆ. ಭಾರವನ್ನು ಕೊಳವೆಯ ಮೇಲೆ ಬಿಡದೆ, ಒಳಗೆ ಮೇಲಿಂದ ಕೆಳಗೆ ಹಾಯುವ 2 ಮಿ.ಮೀ. ಸ್ಟೇನ್‌ಲೆಸ್ ಉಕ್ಕಿನ ಹಗ್ಗ ಹೊರಬೇಕು. ಆಂಕರ್ ಬೋಲ್ಟು ಕಾಂಕ್ರೀಟ್ ಛಾವಣಿಗೆ ಇಳಿಯಬೇಕೇ ಹೊರತು ಸುಳ್ಳು ಛಾವಣಿಗಲ್ಲ. ಹೊರುವ ಭಾರದ ಹತ್ತು ಪಟ್ಟು ತಡೆಯುವಂತೆ ಲೆಕ್ಕ ಹಾಕಿ, ಜೊತೆಗೆ ಇನ್ನೊಂದು ಬೋಲ್ಟಿಗೆ ಕಟ್ಟಿದ ಕಾವಲು ಹಗ್ಗ ಇರಲಿ. ಕೊರೆಯುವ ಮುನ್ನ ಕಟ್ಟಡದ ಎಂಜಿನಿಯರರ ಸಹಿ ಪಡೆಯಿರಿ. ಕೊಳವೆಯ ಕೆಳತುದಿಗೆ ಒಂದು ತೂಕ ಕಟ್ಟಿದರೆ ಗಾಳಿಗೆ ಓಲಾಡುವುದು ತಪ್ಪುತ್ತದೆ. ಕೆಲಸ ನಡೆಯುವಾಗ ಮೆಟ್ಟಿಲು ಮುಚ್ಚಿರಬೇಕು, ಕೆಳಗೆ ಒಬ್ಬರು ಕಾವಲಿರಬೇಕು. ಒಂದು ಭಾನುವಾರ ಸಾಕು.

ಕತ್ತಲೆಯನ್ನು ಹದಮಾಡುವುದು, ಮಾತು ಬರೆಯುವುದು

ಹಗಲಲ್ಲಿ ಪ್ರಕಾಶ ನಿಗದಿ ಮಾಡಬೇಡಿ. ರಾತ್ರಿ ಹತ್ತರ ಮೇಲೆ ಕೂತು ಕಡಿಮೆ ಮಾಡುತ್ತ ಬನ್ನಿ. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ಕತ್ತಲೆಗೆ ಹೊಂದಿದ ಕಣ್ಣಿಗೆ ನೀಲಿ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಸಂಜೆ ಸಾಕೆನಿಸಿದ ಬೆಳಕಿನ ಕಾಲುಭಾಗವೂ ಹೆಚ್ಚೆನಿಸುತ್ತದೆ.

ನಾನು ಹಾಗೆ ಕೂತಿದ್ದ ಒಂದು ರಾತ್ರಿ ಕಾವಲುಗಾರರು ಟಾರ್ಚು ಹಿಡಿದು ಬಂದರು.

"ಸರ್, ಮೇಲೆ ಯಾರೂ ಇಲ್ಲ. ನಾಲ್ಕು ಅಂತಸ್ತೂ ನೋಡಿ ಬಂದೆ. ಮತ್ತೆ ದೀಪ ಯಾರು ಹಾಕುತ್ತಿದ್ದಾರೆ?"

ಮೇಲೆ ಆಕಾಶದಿಂದ ಕಣಗಳು ಬರುತ್ತವೆ, ಛಾವಣಿಯನ್ನು ತೂರಿಕೊಂಡು ಇಳಿಯುತ್ತವೆ ಎಂದೆ.

"ಛಾವಣಿ ತೂರಿ ಬಂದದ್ದು ನೆಲವನ್ನೂ ತೂರುತ್ತದೆಯೇ?"

ತೂರುತ್ತದೆ ಎಂದೆ. ಅವರು ಕೋಲಾರದ ಕಡೆಯವರು. ತಂದೆ ಕೆಜಿಎಫ್ ಗಣಿಯಲ್ಲಿ ಇದ್ದವರಂತೆ. ಅದೇ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ಈ ಕಣಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಪ್ರಯೋಗ ಇಟ್ಟಿದ್ದರು, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಬೇರೊಂದು ಬಗೆಯ ಕಣಗಳ ಗುರುತು ಅಲ್ಲಿ ಸಿಕ್ಕಿತು ಎಂದು ಹೇಳಿದೆ. ಅವರು ಟಾರ್ಚು ಆರಿಸಿ ಪಕ್ಕದ ಮೆಟ್ಟಿಲಲ್ಲಿ ಕೂತರು. ಗೋಡೆಗೆ ಹಾಕಿದ ಬರಹ ಆ ರಾತ್ರಿಯ ಮಾತುಕತೆಯಿಂದಲೇ ಹುಟ್ಟಿದ್ದು.

ಬರಹ ಕನ್ನಡದಲ್ಲಿ ಮೊದಲು, ಕಣ್ಣೆತ್ತರದಲ್ಲಿ, ಎಂಬತ್ತು ಪದ ಮೀರದಂತೆ ಇರಲಿ. ನಮ್ಮದರಲ್ಲಿ ಇರುವ ಸಂಗತಿ ಮೂರು: ಪ್ರತಿ ಗೆರೆಯೂ ಈಗಷ್ಟೇ ಬಂದ ಒಂದು ಕಣ, ಕಾಲವನ್ನು ಒಂದು ಕೋಟಿ ಪಟ್ಟು ಹಿಗ್ಗಿಸಲಾಗಿದೆ, ಆ ಮಾನದಲ್ಲಿ ಈ ಕಣದ ಆಯುಸ್ಸು 22 ಸೆಕೆಂಡು, ನಡೆದು ಬಂದ ದಾರಿ 500 ಸೆಕೆಂಡು. ಹಿಗ್ಗಿಸಿದ್ದನ್ನು ಮುಚ್ಚಿಡಬೇಡಿ. ಪಕ್ಕದಲ್ಲಿ ಸುತ್ತದೆ ಬಿಟ್ಟ ಒಂದು ಸಿಂಟಿಲೇಟರ್ ತುಂಡನ್ನೂ, ನೋಟು ಪರೀಕ್ಷಿಸುವ ಸಣ್ಣ ನೇರಳಾತೀತ ದೀಪವನ್ನೂ ಇಟ್ಟಿದ್ದೇವೆ. ದೀಪವನ್ನು ಕಣ್ಣಿಗೆ ತಿರುಗಿಸಲಾಗದಂತೆ ಕೆಳಮುಖವಾಗಿ ಬಿಗಿದಿದೆ. ಗುಂಡಿ ಒತ್ತಿದರೆ ಪ್ಲಾಸ್ಟಿಕ್ಕಿನ ಅಂಚು ನೀಲಿಯಾಗಿ ಹೊಳೆಯುತ್ತದೆ. ಮಕ್ಕಳು ಕೊಳವೆಗಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತಾರೆ.

ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ಟಾರ್ಚ್ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಹಗ್ಗ, ಬೋಲ್ಟು. ಬೇಸಿಗೆಯಲ್ಲಿ ಮೇಲಿನ ಅಂತಸ್ತು ಕಾದಾಗ ಚಿಪ್ಪಿನ ಸ್ಪಂದನೆ ತಗ್ಗಿ ಎಣಿಕೆ ಇಳಿಯುತ್ತದೆ. ಕಾರಣ ಆಕಾಶವಲ್ಲ, ಸೆಖೆ. ವೋಲ್ಟೇಜನ್ನು ತುಸು ಸರಿಪಡಿಸಿ. ಗಾಳಿಯ ಒತ್ತಡ ಏರಿದಾಗಲೂ ಎಣಿಕೆ ಚೂರು ಇಳಿಯುತ್ತದೆ, ಅದನ್ನು ಮಾತ್ರ ಸರಿಪಡಿಸಲು ಹೋಗಬೇಡಿ, ಅದು ನಿಜ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಹುಳುಗಳು ಕೊಳವೆಯೊಳಗೆ ಸೇರಿ ಮಸಿಯಂತೆ ಗುಡ್ಡೆ ಬೀಳುತ್ತವೆ. ಎರಡೂ ತುದಿಗೆ ನುಣ್ಣನೆಯ ಜಾಲರಿ ಹಾಕಿ. ಪಾರಿವಾಳಗಳಿಗೆ ಕಿಟಕಿಯಲ್ಲಿ ಬಲೆ.

ಶೋಧಕಗಳ ಪಕ್ಕದಲ್ಲಿ ಒಂದು ದಪ್ಪ ನೋಟ್‌ಬುಕ್ಕನ್ನು ದಾರ ಕಟ್ಟಿ ಇಡಿ. ದಿನಕ್ಕೊಮ್ಮೆ ನಾಲ್ಕು ಜೋಡಿಗಳ ಎಣಿಕೆ, ಹಣತೆ ಬಣ್ಣ ಇಳಿದ ಸಮಯ, ಕೆಟ್ಟದ್ದು, ಸರಿ ಮಾಡಿದ್ದು. ನಮ್ಮ ಪುಸ್ತಕದಲ್ಲಿ ಹಗಲಿನ ಸಾಲುಗಳು ಬೇರೆಬೇರೆ ಕೈಬರಹದಲ್ಲಿವೆ. ರಾತ್ರಿಯ ಸಾಲುಗಳೆಲ್ಲ ಒಂದೇ ಕೈಯವು, ದುಂಡಗಿನ ಅಕ್ಷರ: "2.40. ಎರಡು, ನಾಲ್ಕು. ಹಳದಿ."